ಮೆಣಸಿನಕಾಯಿ ಗೋದಾಮಿನ ಹಂಪಕ್ಕ

ಯಾರ ಪರಿಚಯವಾದರೂ ಹಂಪಕ್ಕ ಊರು ಯಾವುದು, ಮಕ್ಕಳೆಷ್ಟು ಎಂದು ಕೇಳುತ್ತಿರಲಿಲ್ಲ. "ಮೈಗೆ ಹುಷಾರಿಲ್ದಂಗಾದ್ರೆ ನಿನ್ನ ಯಾರು ನೋಡ್ತಾರೆ?" ಎಂದೇ ಶುರು. ಆಟೋದವನಿಗೂ ಅದೇ ಪ್ರಶ್ನೆ, ಹೂ ಮಾರುವವಳಿಗೂ ಅದೇ. ಒಮ್ಮೆ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರನ್ನೇ ಕೇಳಿಬಿಟ್ಟಳು. ಅವರು ನಕ್ಕರು. ಅವಳು ನಗದೆ ಉತ್ತರಕ್ಕಾಗಿ ಕಾದು ನಿಂತಳು.

ನಾನು ಹೊಸಪೇಟೆಯವಳು, ಮದುವೆಯಾಗಿ ವಿಜಯವಾಡಕ್ಕೆ ಬಂದೆ. ಭವಾನಿಪುರಂನ ಒಂದು ಖಾಸಗಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ. ಒಂದು ಮಧ್ಯಾಹ್ನ ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಕೌಂಟರಿನ ಆಚೆಯಿಂದ ಒಂದು ಕೈ ಬಂದು ನನ್ನ ಕೈ ಹಿಡಿಯಿತು. ಬೆರಳ ತುದಿಗಳೆಲ್ಲ ಕೆಂಪಗೆ ಒಡೆದಿದ್ದವು.

"ಕನ್ನಡ ಮಾತಾಡ್ತೀಯಲ್ಲ ತಲ್ಲೀ, ನನ್ನ ತಾಯೀ! ನಾನೂ ಕನ್ನಡದಾಕಿನೇ, ಕಂಪ್ಲಿಯಾಕಿ."

ಹಂಪಕ್ಕ ಲಾರಿ ಡ್ರೈವರನನ್ನು ಕಟ್ಟಿಕೊಂಡು ಈ ಊರಿಗೆ ಬಂದವಳು, ಗಂಡ ಸತ್ತ ಮೇಲೆ ಒನ್ ಟೌನ್ ಪೇಟೆಯ ಗೋದಾಮೊಂದರಲ್ಲಿ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಇದ್ದೊಬ್ಬ ಮಗಳು ವಿಶಾಖಪಟ್ಟಣದಲ್ಲಿ. ಘಾಟು ಕುಡಿದೂ ಕುಡಿದೂ ಅವಳ ಪ್ರತಿ ಮಾತಿನ ಕೊನೆಗೆ ಒಂದು ಕೆಮ್ಮು ಅಂಟಿಕೊಂಡಿತ್ತು.

ಅಂದು ಅವಳು ಬಂದದ್ದು ತನಗಾಗಿ ಅಲ್ಲ. ಗೋದಾಮಿನಲ್ಲಿ ಪಕ್ಕದಲ್ಲೇ ಕೂರುವ ನೂಕರತ್ನಂ ಎಂಬ ಇನ್ನೊಬ್ಬ ವಿಧವೆ ಉಸಿರಾಡಲಾಗದೆ ಒದ್ದಾಡುತ್ತಿದ್ದಳು. ಅಡ್ಮಿಟ್ ಮಾಡಬೇಕೆಂದರು ಡಾಕ್ಟರು. ಅಷ್ಟು ದುಡ್ಡು ಎಲ್ಲಿತ್ತು? ಒಂದು ಇನ್ಹೇಲರ್ ಕೊಂಡು ಇಬ್ಬರೂ ಮೆಟ್ಟಿಲಿಳಿದರು. ಕೂಲಿಯವರಿಗೂ ಅವರ ಮನೆಯವರಿಗೂ ಚಿಕಿತ್ಸೆ ಕೊಡಿಸುವ ಇಎಸ್‌ಐ ಕಾರ್ಡು ಆ ಗೋದಾಮುಗಳಲ್ಲಿ ಯಾರ ಬಳಿಯೂ ಇರಲಿಲ್ಲ. "ಕಾರ್ಡೊಂದು ಇದ್ದಿದ್ರೆ ಈಕಿ ಇವತ್ತು ಮಂಚದ ಮ್ಯಾಲೆ ಮಲಗಿರ್ತಿದ್ಲು" ಎಂದು ಹಂಪಕ್ಕ ಗೇಟಿನ ಹತ್ತಿರ ನಿಂತು ಹೇಳಿದಳು.

ಮಾರನೆಯ ಸಂಜೆಯಿಂದ ಹಮಾಲಿ ಸಂಘದ ಆಫೀಸಿನ ಹೊಸ್ತಿಲ ಮೇಲೆ ಕೂರತೊಡಗಿದಳು. ಮೂಟೆ ಹೊರುವ ಗಂಡಸರ ಸಂಘ ಅದು. ಕಾರ್ಯದರ್ಶಿ ಅಪ್ಪಾರಾವು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅವಳನ್ನು ದಾಟಿಯೇ ಹೋಗಬೇಕು. ಕೊನೆಗೆ ಅವನೇ ಸೋತು ಹೆಂಗಸರನ್ನೂ ಸೇರಿಸಿಕೊಂಡ. ಎಲ್ಲರಿಗೂ ಕಾರ್ಡು ಬೇಕೆಂದು ಗಂಡಸರೂ ಹೆಂಗಸರೂ ಕೆಲಸ ನಿಲ್ಲಿಸಿ ಗೋದಾಮಿನ ಮುಂದೆ ಕೂತರು. ಬಿಸಿಲೇರಿದಾಗ ಸಾಹುಕಾರ ಎಲ್ಲರಿಗೂ ಟೀ ಕಳಿಸಿದ, ಕುಡಿದು ಎದ್ದಾರು ಎಂದು. ಹಂಪಕ್ಕ ನಿಧಾನವಾಗಿ ಟೀ ಕುಡಿದು, "ಟೀ ಚೆನ್ನಾಗೈತೆ ಸಾವ್ಕಾರ್ರೇ, ಈಗ ಕಾರ್ಡಿನ ಮಾತಾಡಾಣ" ಎಂದು ತನ್ನ ಮುರುಕು ತೆಲುಗಿನಲ್ಲಿ ಅಂದಳಂತೆ.

ಸಾಹುಕಾರನ ಜೊತೆ ಮಾತುಕತೆ ಮುಗಿಸಿ ಹೊರಬಂದ ಅಪ್ಪಾರಾವು ಅವಳ ಎದುರು ಕುಕ್ಕರುಗಾಲಲ್ಲಿ ಕೂತ. "ಹಮಾಲಿಗಳಿಗೆ ಕಾರ್ಡು ಕೊಡ್ತಾರಂತೆ, ಹಂಪಮ್ಮಾ. ಹೆಂಗಸರು ಇವತ್ತು ಇರ್ತಾರೆ, ನಾಳೆ ಇರಲ್ಲ, ಅವರಿಗೆ ಕೊಡಕ್ಕಾಗಲ್ಲ ಅಂತಾರೆ. ಆದರೆ ಹಮಾಲಿಯ ಹೆಂಡತಿ ಮಕ್ಕಳಿಗೂ ಅದರಲ್ಲೇ ಚಿಕಿತ್ಸೆ ಸಿಗುತ್ತೆ. ಗಂಡ ಇಲ್ಲದವರದ್ದು ಮುಂದಿನ ಸಲ ನೋಡೋಣ. ನೀನು ಹೂಂ ಅಂದ್ರೆ ಏಳ್ತೀವಿ."

ಸುತ್ತ ಕೂತಿದ್ದ ಹೆಂಗಸರಲ್ಲಿ ಬಹಳಷ್ಟು ಮಂದಿ ಹಮಾಲಿಗಳ ಹೆಂಡಂದಿರು. ಹಂಪಕ್ಕ ಹೂಂ ಅಂದಳು. ಆ ಸಂಜೆ ಕೌಂಟರಿಗೆ ಬಂದು, "ಸಿಗೋರಿಗಾದ್ರೂ ಸಿಗ್ಲಿ ಅಂದೆ ತಲ್ಲೀ" ಎಂದಾಗ ಅವಳ ಮುಖ ಅರಳಿತ್ತು.

ಮರುದಿನ ನೂಕರತ್ನಂ ತನ್ನ ಗೋಣಿತಟ್ಟನ್ನು ಸಾಲಿನ ಆ ತುದಿಗೆ ಎಳೆದುಕೊಂಡು ಹೋಗಿ ಕೂತಳು. ಮತ್ತೆಂದೂ ಹಂಪಕ್ಕನ ಜೊತೆ ಮಾತಾಡಲಿಲ್ಲ.

ಮುಂದಿನ ಸಲ ಬರಲೇ ಇಲ್ಲ. ಅಪ್ಪಾರಾವು ಕೆಟ್ಟವನಲ್ಲ, ಎರಡು ಸಲ ಮಾತೆತ್ತಿದ. ಕೊಟ್ಟದ್ದೇ ಹೆಚ್ಚಾಯಿತು ಎಂದರು ಸಾಹುಕಾರರು. ಕಾರ್ಡು ಸಿಕ್ಕ ಹಮಾಲಿಗಳು ಇನ್ನೊಮ್ಮೆ ಕೂಲಿ ಬಿಟ್ಟು ಬೀದಿಯಲ್ಲಿ ಕೂರಲು ಒಪ್ಪಲಿಲ್ಲ. ಅವರ ಹೆಂಡಂದಿರೂ ಕೆಲಸ ಬಿಟ್ಟು ಬರಲಿಲ್ಲ. ಅವರಲ್ಲೊಬ್ಬಳಿಗೆ ಆ ಕಾರ್ಡಿನಲ್ಲೇ ಹೆರಿಗೆಯಾಯಿತು. ಹಂಪಕ್ಕ ಹೋಗಿ ಕೂಸನ್ನು ಎತ್ತಿ ಆಡಿಸಿ ಬಂದಳು.

ಆಮೇಲೆ ಅವಳ ಎದೆಯೇ ಕೆಟ್ಟಿತು. ಕೆಲಸಕ್ಕೆ ಹೋಗಲಾಗದೆ ಮಗಳ ಮನೆ ಸೇರಿದಳು. ನಾನು ರಜೆ ಹಾಕಿ ವಿಶಾಖಪಟ್ಟಣದ ರೈಲು ಹತ್ತಿದೆ. ಋಷಿಕೊಂಡದ ಗುಡ್ಡದ ಮೇಲಿನ ಕಂಪ್ಯೂಟರ್ ಆಫೀಸೊಂದರಲ್ಲಿ ಮಗಳು ನೆಲ ಒರೆಸುತ್ತಾಳೆ. ಗುಡ್ಡದ ಹಿಂದೆ ಒಂದೇ ಕೋಣೆಯ ಮನೆ. ಹಂಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಇನ್ನು ಮಾಡುವುದೇನೂ ಇಲ್ಲವೆಂದು ಡಾಕ್ಟರು ಮಗಳಿಗೆ ಹೇಳಿದ್ದರು. ಮೊಮ್ಮಕ್ಕಳಿಗೆ ತೆಲುಗು ಬಿಟ್ಟು ಬೇರೆ ಬಾರದು. ಬಹಳ ದಿನಗಳ ಮೇಲೆ ಕನ್ನಡ ಸಿಕ್ಕಿತೆಂದು ನನ್ನ ಕೈ ಹಿಡಿದುಕೊಂಡಳು.

"ರತ್ನಂ ಹೆಂಗಿದಾಳೆ?"

"ಕೆಲಸಕ್ಕೆ ಬರ್ತಿದಾಳಂತೆ ಅಕ್ಕಾ."

"ನಂಗೆ ಬ್ಯಾಡ ಅಂತ ನಾನು ಹೂಂ ಅಂದೆ. ಆಕಿ ಪಾಲಿಂದೂ ಬಿಟ್ಟುಕೊಟ್ಟೆ. ನನ್ನ ಪಕ್ಕದಾಗೇ ಕುಂತಿದ್ಲು. ನಾನು ತಿರುಗಿ ಆಕಿನ್ನ ಒಂದು ಮಾತು ಕೇಳ್ಲಿಲ್ಲ."

"ನೀನು ಒಪ್ಪದಿದ್ದರೆ ಯಾರಿಗೂ ಸಿಗುತ್ತಿರಲಿಲ್ಲ" ಎಂದೆ.

"ಅದೂ ಖರೇನೇ. ಅದ್ರಿಂದ ಆಕಿ ಉಸಿರು ಸರಿಯಾಗ್ತದೇನು?"

ನಾನು ಹೊರಡುವಾಗ, "ಆಕಿಗೆ ಹೇಳು..." ಎಂದು ಶುರು ಮಾಡಿದಳು. ಆಮೇಲೆ ನನ್ನ ಕೈ ಬಿಟ್ಟು, "ಏನೂ ಬ್ಯಾಡ, ಹೋಗು" ಎಂದಳು.

ಆ ಚಳಿಗಾಲ ಮುಗಿಯುವ ಮೊದಲೇ ತೀರಿಕೊಂಡಳು. ಸುದ್ದಿ ಹೇಳಲು ನಾನೇ ಗೋದಾಮಿಗೆ ಹೋದೆ. ನೂಕರತ್ನಂ ಸಾಲಿನ ತುದಿಯಲ್ಲಿ ಸೆರಗನ್ನು ಮೂಗಿಗೆ ಬಿಗಿದು ಕೂತಿದ್ದಳು. ಹೇಳಿದೆ. ಅವಳ ಕೈ ನಿಂತಿತು.

"ಯಾವಾಗ?" ಎಂದಳು ತೆಲುಗಿನಲ್ಲಿ.

"ಮೊನ್ನೆ."

ಮೇಸ್ತ್ರಿ ನಮ್ಮತ್ತ ತಿರುಗಿ ನೋಡಿದ. ಅವಳು ತಲೆ ತಗ್ಗಿಸಿ ಇನ್ನೊಂದು ಹಿಡಿ ಮೆಣಸಿನಕಾಯಿ ಮಡಿಲಿಗೆ ಎಳೆದುಕೊಂಡಳು.