ಗೋಡೆಗೆ ಒರಗಿಸಿದ ಮೀನಿನ ಪೆಟ್ಟಿಗೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಕನ್ನಡಕ ಮಸುಕಾಗಿದೆ ಅನ್ನಿಸಿ ಒರೆಸಿದ್ದೇನೆ, ಒರೆಸಿದ ಮೇಲೆ ಚಹಾ ನೆನಪಾಗಿ ಎದ್ದು ಹೋಗಿದ್ದೇನೆ. ನೆಪ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರು ಯಾದಗಿರಿಯಲ್ಲಿ ಸಿಗಲಿಕ್ಕಿಲ್ಲ. ಮೊನ್ನೆ ಸೊಸೆ ತನ್ನ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದಾಗ ಆ ನೆಪಗಳೆಲ್ಲ ಮುಗಿದವು.

"ಮಾವಾರ, ಇಲ್ಲಿ ನೋಡ್ರಿ. ಫೋಟೋ ಹಾಕಿದಂಗ ಗ್ವಾಡಿಗಿ ಹಾಕೂದು. ಒಳಗ ನೀರು, ಮೀನ. ಜಾಗಾನ ತಗೊಳ್ಳಂಗಿಲ್ಲ!"

ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅವಳಿಗೆ ಮೀನು ಸಾಕುವ ಆಸೆ, ಇಡಲು ತಾವಿಲ್ಲ. ಮೊಬೈಲಿನಲ್ಲಿದ್ದ ಪೆಟ್ಟಿಗೆ ಬಾಗಿಲಿನಂತೆ ಎತ್ತರವಾಗಿತ್ತು, ಒಳಗಿನ ಅಗಲ ಮಾತ್ರ ನಾಲ್ಕು ಬೆರಳು. ನೋಡುತ್ತಿದ್ದಂತೆ ಅಗಸೆ ಎಣ್ಣೆಯಲ್ಲಿ ಕಲಸಿ ಗಾಜಿನ ಸಂದಿಗೆ ಮೆತ್ತುವ ಹಸಿ ಪುಟ್ಟಿಯ ವಾಸನೆ ಮೂಗಿಗೆ ಬಂದಂತಾಯಿತು. ಅಂಥದೊಂದು ಪೆಟ್ಟಿಗೆಯನ್ನು ನಾನು ಶಹಾಪುರದಲ್ಲಿ, ಈ ಸೊಸೆ ಹುಟ್ಟುವ ಮೊದಲೇ, ಸ್ವಂತ ಕೈಯಿಂದ ಮಾಡಿದ್ದೆ.

ಆಗ ನನ್ನದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ದೇವರ ಪಟ, ಮದುವೆಯ ಫೋಟೋ, ತೀರಿಹೋದ ಹಿರಿಯರು, ಎಲ್ಲರಿಗೂ ಅದೇ ಗಾಜು, ಅದೇ ಮೊಳೆ. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಅವ್ವ, ನಾನು, ನನ್ನ ತಂಗಿ. ಕಾಲುವೆಗೆ ನೀರು ಬಿಟ್ಟ ಹೊಸದು. ಜೋಳ, ತೊಗರಿ ನೋಡಿ ಬೆಳೆದ ನಮಗೆ ಬೇಸಿಗೆಯಲ್ಲೂ ಹರಿಯುವ ನೀರೆಂದರೆ ಕೌತುಕ. ಜನ ಬುತ್ತಿ ಕಟ್ಟಿಕೊಂಡು ಕಾಲುವೆ ನೋಡಲು ಹೋಗುತ್ತಿದ್ದರು. ತಂಗಿ ಬಟ್ಟೆ ಒಗೆಯಲು ಹೋದವಳು ಒಂದು ದಿನ ತಂಬಿಗೆಯಲ್ಲಿ ಬೆರಳುದ್ದದ ಮೀನುಗಳನ್ನು ತಂದಳು.

ಅವ್ವ ಹೌಹಾರಿದಳು. "ಲಿಂಗ ಕಟ್ಟಿದವರ ಮನ್ಯಾಗ ಮೀನೇನ ಬೇ? ಓಣಿ ಮಂದಿ ಏನಂದಾರು?"

"ತಿನ್ನಾಕಲ್ಲವ್ವಾ, ನೋಡಾಕ. ಬೇಕಾರ ಅವಕ್ಕೂ ವಿಭೂತಿ ಹಚ್ಚತೀನಿ."

ಅವ್ವನಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ನಮ್ಮ ಬಾಗಿಲ ಮುಂದೆ ಹಾಯುವವರು ಸ್ವಲ್ಪ ನಿಂತು, ಒಲೆಯ ಕಡೆ ಮೂಗು ತಿರುಗಿಸಿ ಹೋಗುತ್ತಿದ್ದರು. ಪಾಪ, ಅವರಿಗೆ ಪುಂಡಿಪಲ್ಯದ ವಾಸನೆಯಷ್ಟೇ ಸಿಗುತ್ತಿತ್ತು.

ತಂಗಿ ಮೀನುಗಳನ್ನು ಬಟ್ಟೆ ನೆನೆಹಾಕುವ ಅಗಲವಾದ ಬೋಗುಣಿಯಲ್ಲಿ ಬಿಟ್ಟಳು. ಅದು ಕೋಣೆಯ ನಡುವೆ. ನಾನು ದಿನವೂ ಎಡವುವುದು, ನೀರು ಚೆಲ್ಲುವುದು, ಬೈಯುವುದು. ಕೊನೆಗೆ ನನ್ನ ಬುದ್ಧಿ ಓಡಿತು. ಫೋಟೋಕ್ಕೆ ಕಟ್ಟು ಹಾಕುವವನ ಬುದ್ಧಿ ಎಲ್ಲಿಗೆ ಓಡೀತು, ಗೋಡೆಗೇ! ಎರಡು ದೊಡ್ಡ ಗಾಜು ಎದುರುಬದುರು ನಿಲ್ಲಿಸಿ, ಸುತ್ತ ತಗಡು ಬಡಿದು, ಪುಟ್ಟಿ ಮೆತ್ತಿ, ನೆಟ್ಟಗೆ ನಿಲ್ಲುವ ಪೆಟ್ಟಿಗೆ ಮಾಡಿದೆ. ಕೋಣೆಯಲ್ಲಿ ಇಡುವುದೆಂದು ಮಾಡಿದ್ದನ್ನು, ಚಂದ ಕಂಡಿತೆಂದು, ಅಂಗಡಿಯ ಹಲಗೆಯ ಮೇಲೆ ಗೋಡೆಗೆ ಒರಗಿಸಿದೆ. ನೋಡುವವರು ಮುಗಿಬಿದ್ದರು. ನಾನು ಮೀಸೆ ತಿರುವಿದೆ.

ತಂಗಿ ಒಬ್ಬಳೇ ಮೆಚ್ಚಲಿಲ್ಲ. "ಅಣ್ಣಾ, ಅವಕ್ಕ ಹೊಳ್ಳಾಕ ಬರವಲ್ದು, ಹಿಂದ ತಿರುಗಾಕ ಜಾಗಾನ ಇಲ್ಲ. ಮಾರಿ ಗಾಜಿಗೆ ಬಡೀತೈತಿ. ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಾವ."

"ಫೋಟೋದಾಗಿನ ದೇವರು ಹೊಳ್ಳತಾನೇನು? ಸುಮ್ನ ನೋಡು."

"ಗಾಜು ಉಬ್ಬಿದಂಗ ಕಾಣತೈತಿ ನೋಡು."

"ಗಾಜಿನ ಧಂದೆ ನಂದೋ ನಿಂದೋ?"

ಅವಳ ಧಂದೆ ಬೇರೆ ಇತ್ತು, ಅಥವಾ ಆಗಲಿತ್ತು. ತೊಗರಿ ವ್ಯಾಪಾರದ ಸಾಹುಕಾರರ ಮನೆಯಲ್ಲೊಂದು ಹೊಲಿಗೆ ಮಷಿನ್ ಇತ್ತು. ಮಧ್ಯಾಹ್ನ ಅಲ್ಲಿಗೆ ಹೋಗಿ ಸಾಹುಕಾರರ ಹೆಂಡತಿಯಿಂದ ಹೊಲಿಗೆ ಕಲಿಯುತ್ತಿದ್ದಳು. ಲಂಗ ಬರುತ್ತಿತ್ತು, ಕುಪ್ಪಸದ ತೋಳು ಇನ್ನೂ ಕೈಗೆ ಹತ್ತಿರಲಿಲ್ಲ. ಊರಲ್ಲಿ ಅವಳು ಕಾಲು ಚಾಚಿ ಕೂರುವಷ್ಟು ಜಾಗ ಇದ್ದದ್ದು ಆ ಮಷಿನ್ನಿನ ಮುಂದೆ ಮಾತ್ರ.

ಅದೇ ಸಾಹುಕಾರರು ತೀರಿಹೋದ ತಮ್ಮ ತಾಯಿಯ ಫೋಟೋ ತಂದುಕೊಟ್ಟಿದ್ದರು. ಆಕೆಯದು ಅದೊಂದೇ ಫೋಟೋ, ಬಣ್ಣ ತುಂಬಿಸಿದ್ದು. ಕಟ್ಟು ಹಾಕಲು ಅದನ್ನು ಹಲಗೆಯ ಕೆಳಗಿನ ಮೇಜಿನ ಮೇಲೆ ಬಿಚ್ಚಿಟ್ಟು ಚೌಕಟ್ಟು ಕೊಯ್ಯುತ್ತಿದ್ದೆ. ಪೆಟ್ಟಿಗೆ ಲಟಕ್ಕೆಂದಿತು. ಪುಟ್ಟಿ ಬಿಟ್ಟು, ಗಾಜು ಸೀಳಿ, ನೀರೆಲ್ಲ ಒಮ್ಮೆಲೇ ಮೇಜಿನ ಮೇಲೆ ಸುರಿಯಿತು. ನಾನು ಫೋಟೋ ಎತ್ತಿಕೊಳ್ಳುವಷ್ಟರಲ್ಲಿ ಆ ತಾಯಿಯ ಮುಖದ ಬಣ್ಣ ಕರಗಿ ಸೆರಗಿನ ಮೇಲೆ ಇಳಿದಿತ್ತು. ಸದ್ದು ಕೇಳಿ ತಂಗಿ ಒಳಗಿನಿಂದ ಓಡಿ ಬಂದಳು. ಫೋಟೋ ಒಯ್ಯಲು ಹೊರಗಿನಿಂದ ಸಾಹುಕಾರರೂ ಆಗಲೇ ಬಂದರು.

"ಏನಾತಲೇ ಇದು?"

ನನ್ನ ಬಾಯಿ ನನಗಿಂತ ಮುಂದೆ ಓಡಿತು. "ನಮ್ಮ ತಂಗಿ ಕೈ ತಾಗಿ ಬಿತ್ರಿ, ಸಾಹುಕಾರ."

ಅವರು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ನಂತರ ಅವಳನ್ನು ನೋಡಿದರು. "ನಮ್ಮ ಮನ್ಯಾಗ ಇಷ್ಟು ಸಲಿಗಿ ಕೊಟ್ಟಿದ್ದಕ್ಕ ಚಲೋ ಮಾಡಿದಿ ತಾಯಿ. ಇನ್ನ ಆ ಕಡೆ ಬರಬ್ಯಾಡ."

ಅವಳು ನೆಲಕ್ಕೆ ಕೂತಳು. ನೆಲದ ಮೇಲೆ ಒದ್ದಾಡುತ್ತಿದ್ದ ಮೀನುಗಳನ್ನು ಒಂದೊಂದಾಗಿ ಬೊಗಸೆಗೆ ಆರಿಸಿ ಬೋಗುಣಿಗೆ ಹಾಕಿದಳು. ಸಂಜೆ ಕಾಲುವೆಗೆ ಬಿಟ್ಟು ಬಂದು, ಕೈ ಒರೆಸಿಕೊಳ್ಳುತ್ತ ಇಷ್ಟೇ ಅಂದಳು: "ಹೇಳಿದ್ದು ಹೇಳಿದಿ. ಅಂಗಡಿ ನಡೀಲಿ ಬಿಡಣ್ಣಾ."

ಅಂಗಡಿ ನಡೆಯಿತು. ಗಾಜಿನ ಕೆಲಸ ಗೊತ್ತಿಲ್ಲದವನೆಂಬ ಹೆಸರು ನನಗೆ ಬರಲಿಲ್ಲ. ನಾಳೆ ಸಾಹುಕಾರರಿಗೆ ನಿಜ ಹೇಳಿದರಾಯಿತು ಅಂದುಕೊಂಡೆ. ಆ ನಾಳೆ ಬರುವ ಮೊದಲೇ ಅವಳು ಮದುವೆಯಾಗಿ ಸುರಪುರಕ್ಕೆ ಹೋದಳು. ಪಂಚಮಿಗೆ ಉಂಡಿ ಕಟ್ಟಿಕೊಂಡು ಬರುವಳು. ಅಂಗಡಿಯಲ್ಲಿ ದೊಡ್ಡ ಚೌಕಟ್ಟು ಕಂಡರೆ, "ಅಣ್ಣಾ, ಇದರಾಗರ ಮೀನ ಬಿಡಬ್ಯಾಡೋ ಮಾರಾಯ" ಎಂದು ತಾನೇ ನಗುವಳು. ನಾನೂ ನಗುತ್ತಿದ್ದೆ. ನಗುವಿನ ಬೆನ್ನಿಗೇ ಒಂದು ಮಾತು ಹೇಳಬಹುದಿತ್ತು. ಉಂಡಿ ಬಾಯಲ್ಲಿತ್ತು. ಒಮ್ಮೆ ಸುರಪುರಕ್ಕೆ ಹೋದಾಗ ಅವಳು ಹೊಸಿಲ ಮೇಲೆ ಕೂತು ಮೊಮ್ಮಗಳ ಫ್ರಾಕು ಹೊಲಿಯುತ್ತಿದ್ದಳು, ಕೈಸೂಜಿಯಲ್ಲಿ. ತೋಳು ಸೊಟ್ಟಗೆ ಕೂತಿತ್ತು. ಬಿಚ್ಚಿ ಮತ್ತೆ ಹಾಕುತ್ತಿದ್ದಳು. ನಾನು ಬಸ್ಸಿಗೆ ಹೊತ್ತಾಯಿತು ಅಂದು ಎದ್ದು ಬಂದೆ. ಹೋದ ವರ್ಷ ತೀರಿಕೊಂಡಳು.

ಮೊನ್ನೆ ಸೊಸೆಗೆ ಹೇಳಿದೆ, "ಅದು ಬ್ಯಾಡವ್ವಾ. ಮೀನಿಗಿ ಎತ್ತರ ಬೇಕಾಗಿಲ್ಲ. ಉದ್ದ ಇರಬೇಕು, ಅಗಲ ಇರಬೇಕು, ಗಿಡ್ಡ ಇದ್ರೂ ನಡೀತೈತಿ."

"ಅಷ್ಟು ಉದ್ದಂದು ಎಲ್ಲಿಡೂದ್ರಿ?"

ನನ್ನ ಮಂಚದ ಪಕ್ಕದ ಗಟ್ಟಿ ಬೆಂಚು ತೋರಿಸಿದೆ. ಅದರ ಮೇಲೆ ನನ್ನ ಗುಳಿಗೆ, ರೇಡಿಯೋ, ಕನ್ನಡಕ, ಇಡೀ ಸಂಸಾರ.

"ನಿಮ್ಮ ಸಾಮಾನ್ರಿ?"

"ಅವು ಗೂಡಿನ್ಯಾಗ ನಿಂದರತಾವ. ಅವಕ್ಕೇನು ಹೊಳ್ಳೂದೈತಿ?"

"ಮೀನಿನ ವಿಷಯ ನಿಮಗ ಯಾರು ಹೇಳಿಕೊಟ್ಟಾರ್ರಿ ಮಾವಾರ?" ಎಂದಳು ನಗುತ್ತ. ಹೇಳಿದೆ. ಮೀನಿನಿಂದ ಸುರು ಮಾಡಿದವನು ಫೋಟೋದ ಮುಂದೆ ನಿಲ್ಲಲಿಲ್ಲ, ಆ ಸುಳ್ಳನ್ನೂ ಹೇಳಿದೆ. ಅವಳು ಬೆಂಚಿನ ಮೇಲಿನ ಸಾಮಾನುಗಳನ್ನು ಒಂದೊಂದಾಗಿ ಗೂಡಿಗೆ ಇಟ್ಟಳು.

ಈಗ ಬೆಂಚಿನ ಮೇಲೆ ಉದ್ದನೆಯ ಪೆಟ್ಟಿಗೆ ಬಂದಿದೆ. ತಲೆ ಹೊರಳಿಸಿದರೆ ಮೀನುಗಳು ಕಾಣುತ್ತವೆ. ಗಾಜಿನವರೆಗೆ ಬಂದು ಸಾವಕಾಶ ಹೊಳ್ಳಿ ಹೋಗುತ್ತವೆ. ಇಷ್ಟು ಹೊತ್ತೂ "ತಂಗಿ" ಎಂದೇ ಬರೆದೆ. ಹೆಸರು ಬರೆದರೆ ಎದುರಿಗೆ ಬಂದು ಕೂತಾಳೆಂಬ ಅಂಜಿಕೆ. ಕೂರಲಿ, ಬೆಂಚಿನ ಪಕ್ಕ ಒಬ್ಬರು ಕೂರುವಷ್ಟು ಜಾಗವಿದೆ. ಆ ಪೆಟ್ಟಿಗೆಗೆ ನಿನ್ನ ಕೈ ತಾಗಿರಲಿಲ್ಲ, ಶರಣಮ್ಮ.