ದಣಿದ ಬ್ರದರ್

ಸಲಾಲಾದಲ್ಲಿ ನಮ್ಮ ಪಕ್ಕದ ಮನೆಯಾಕೆಯ ತಮ್ಮ ಪೆರುವಿನಲ್ಲಿ ಮಿಶನರಿ ತರಬೇತಿ ಮುಗಿಸಿದ ಬ್ರದರ್, ಅಂದರೆ ಮದುವೆಯಾಗದ ವ್ರತ ತೊಟ್ಟ ಕ್ರೈಸ್ತ ಸನ್ಯಾಸಿ. ಆ ಮಳೆಗಾಲ ಅಕ್ಕನ ಮನೆಗೆ ಬಂದಿದ್ದರು. ಏನು ಕೇಳಿದರೂ ಕನ್ನಡಕ ಒರೆಸುತ್ತ, "ಭಾಷೆ ಒಂದು ಬಿಟ್ಟರೆ ಎಲ್ಲ ಸುಲಭ ಮಾರಾಯ್ರೆ" ಎನ್ನುವರು.

ಪೆರುವಿನಲ್ಲಿ ಅವರಿಗೆ ಊಟ ಹಾಕುತ್ತಿದ್ದ ಅಜ್ಜಿಗೆ ದಿನಾ ಸಂಜೆ ಸ್ಪ್ಯಾನಿಷ್‌ನಲ್ಲಿ "ಕನ್ಸಾದೊ", ಅಂದರೆ ದಣಿದಿದ್ದೇನೆ, ಎನ್ನಲು ಹೋಗಿ "ಕಸಾದೊ" ಎನ್ನುತ್ತಿದ್ದರಂತೆ. ಅದರರ್ಥ ನನಗೆ ಮದುವೆಯಾಗಿದೆ ಎಂದು. ಅಜ್ಜಿ ಹೋಗಿ ತರಬೇತಿ ಕೊಡುವ ಗುರುಗಳಿಗೆ ಹೇಳಿಬಿಟ್ಟರು. ತರಬೇತಿ ನಿಲ್ಲಿಸಿ ಊರಿಗೆ ಅಟ್ಟುವ ಸಿಟ್ಟಿನಲ್ಲಿ ಗುರುಗಳು ಇವರನ್ನು ಕರೆದು, "ನೀನು ಕಸಾದೊ ಅಂತೆ, ಯಾವಾಗಿನಿಂದ?" ಎಂದರು.

"ದಿನಾ ಸಂಜೆ, ಫಾದರ್. ಸ್ನಾನ ಮಾಡಿದರೆ ಹೋಗ್ತದೆ."

ವಿಷಯ ತಿಳಿದ ಗುರುಗಳು ನಕ್ಕು ಪಾಸು ಮಾಡಿದರಂತೆ.

"ಅಜ್ಜಿ ಏನಂದರು?" ಎಂದು ಕೇಳಿದೆ.

"ಅವರು ನಂಬಲೇ ಇಲ್ಲ. ನಾನು ಹೊರಡುವಾಗ ಹೆಂಡತಿಗೆ ಅಂತ ಶಾಲು ಕೊಟ್ಟರು. ಅಕ್ಕ ಹೊದ್ದುಕೊಂಡಿದ್ದಾಳಲ್ಲ, ಅದೇ."