ಊದಿಕೊಂಡ ಹೆಸರುಕಾಳು

"ಆ ಮನೆ ಸೊಸೆ ಗೇಟು ದಾಟಿದ್ರೆ ಅವತ್ತು ಮಳೆ ಗ್ಯಾರಂಟಿ ಕಣೇ" ಎಂದು ಗೋವಿಂದರಾಜನಗರದ ಆ ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. ಆ ಸೊಸೆಯೇ ಶಶಿಕಲಾ. ಗಿಡದ ಜೀವಕೋಶ ತನ್ನ ಗೋಡೆಯನ್ನು ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದವಳು, ಮದುವೆಯಾಗಿ ಬಂದ ಮೇಲೆ ಅರ್ಧಕ್ಕೇ ಬಿಟ್ಟಿದ್ದಳು. ಅತ್ತೆ ಮುನಿತಾಯಮ್ಮನದು ಒಂದೇ ರಾಗ: "ಮಾವನ ಆಪರೇಷನ್ ಮುಗೀಲಮ್ಮ, ಆಮೇಲೆ ಹೋಗೂವಂತೆ." ಆಪರೇಷನ್ ಮುಗಿಯಿತು, ನಾದಿನಿ ಕೀರ್ತನಾಳ ಮದುವೆ ಬಂತು. ಅಷ್ಟರಲ್ಲಿ ಗೈಡ್ ಫೋನ್ ಮಾಡಿದರು: "ಈ ತಿಂಗಳು ಬಂದು ಸೇರ್ಕೊಳ್ದಿದ್ರೆ ನಿನ್ನ ಪಿಎಚ್‌ಡಿ ರದ್ದಾಗುತ್ತಮ್ಮ." ಶಶಿಕಲಾ ಗಂಡ ಸಿದ್ದೇಶನ ಮುಖ ನೋಡಿದಳು. ಅವನು ಮೊಬೈಲು ನೋಡಿದ.

ಕೈ ಸುಮ್ಮನಿರಬೇಕಲ್ಲ! ಹಳೆಯ ಪ್ರಯೋಗವನ್ನು ಇನ್ನೊಮ್ಮೆ ಕಣ್ಣಾರೆ ನೋಡುವ ಆಸೆಗೆ, ಅಟ್ಟದ ಮೇಲೆ ಡಬ್ಬಿಯೊಂದರಲ್ಲಿ ಹೆಸರುಕಾಳು ನೆನೆಹಾಕಿ, ಒಂದು ತೊಟ್ಟು ಕಳೆ ಕೊಲ್ಲುವ ಔಷಧಿ ಬಿಟ್ಟಿದ್ದಳು. ಮದುವೆಗೆ ನವಧಾನ್ಯ ಬಿತ್ತುವ ದಿನ ಕಾಳು ಹುಡುಕುತ್ತಾ ಬಂದ ಮುನಿತಾಯಮ್ಮ, "ನೆಂದೇ ಇದೆ, ಬೇಗ ಮೊಳಕೆ ಬರುತ್ತೆ" ಎಂದು ಅದನ್ನೇ ಮಣ್ಣಿನ ಕುಡಿಕೆಗೆ ಸುರಿದರು.

ಚಪ್ಪರದ ದಿನ ಕುಡಿಕೆಯ ಬಟ್ಟೆ ತೆಗೆದರೆ ಮಿಕ್ಕ ಕಾಳಿನ ಮೊಳಕೆಗಳೆಲ್ಲ ಸೂಜಿಯಂತೆ ನಿಂತಿವೆ, ಹೆಸರುಕಾಳಿನದು ಮಾತ್ರ ಗುಂಡಗೆ ಊದಿ ಕುಳಿತಿದೆ. "ಅಯ್ಯೋ, ನನ್ ಮಗಳ ಬಾಳು!" ಎಂದು ಮುನಿತಾಯಮ್ಮ ಎದೆ ಬಡಿದುಕೊಂಡರು. ಕೀರ್ತನಾ ಬಿಕ್ಕತೊಡಗಿದಳು.

ಬಾಯಿ ಬಿಟ್ಟರೆ ತನಗೆ ಕೇಡು, ಬಿಡದಿದ್ದರೆ ಹುಡುಗಿಗೆ ಅಪಶಕುನದ ಹಣೆಪಟ್ಟಿ. ಶಶಿಕಲಾ ಬಾಯಿ ಬಿಟ್ಟಳು.

"ಶಕುನ ಅಲ್ಲ ಅತ್ತೆ, ಅದು ನಾನು ನೆನೆಹಾಕಿದ್ದ ಕಾಳು. ಮೊಳಕೆಯ ಒಂದೊಂದು ಜೀವಕೋಶಾನೂ ಸಕ್ಕರೆಯಿಂದ ಸೆಲ್ಯುಲೋಸ್ ನೂಲು ಮಾಡಿ ಮೈಸುತ್ತ ಸುತ್ಕೊಳ್ಳುತ್ತೆ, ಪೀಪಾಯಿಗೆ ಪಟ್ಟಿ ಹೊಡೆದ ಹಾಗೆ. ಆಗ ದಪ್ಪ ಆಗಕ್ಕಾಗಲ್ಲ, ಉದ್ದಕ್ಕೇ ಬೆಳೀಬೇಕು. ನೂಲು ಯಾವ ಕಡೆ ಸುತ್ತಬೇಕು ಅಂತ ತೋರ್ಸೋ ಹಳಿಗಳು ಒಳಗಡೆ ಇರ್ತವೆ. ನಾನು ಹಾಕಿದ್ದ ಔಷಧಿ ಆ ಹಳೀನ ಕರಗಿಸ್ತು. ನೂಲು ದಿಕ್ಕಾಪಾಲಾಯ್ತು, ಮೊಳಕೆ ಊದ್ಕೊಂತು."

"ಹಳಿಯಂತೆ! ರೈಲೂ ಬಿಡು ಅದರೊಳಗೆ!" ಎಂದರು ಮುನಿತಾಯಮ್ಮ. "ಶುಭಕಾರ್ಯದ ಮನೇಲಿ ವಿಷ ಇಟ್ಕೊಂಡಿದೀಯಲ್ಲೇ. ದೀಪ ಮುಟ್ಟಿ ಹೇಳು, ಇನ್ ಮೇಲೆ ಆ ಓದಿನ ತಂಟೆಗೆ ಹೋಗಲ್ಲ ಅಂತ. ಇಲ್ಲಾಂದ್ರೆ ಮದುವೆ ಮುಗಿದ ಮೇಲೆ ಈ ಮನೇಲಿರಬೇಡ."

"ಮುಟ್ಟಿಬಿಡೇ, ಒಂದು ಮಾತು ತಾನೇ" ಎಂದ ಸಿದ್ದೇಶ.

ಒಂದೇ ಮಾತು. ಆಡಿದರೆ ಸಾಯುವ ತನಕ ಇದೇ ಒಲೆ, ಇದೇ ಕಿಟಕಿ, ಎದುರುಮನೆಯ ಅದೇ ನೀರಿನ ಟ್ಯಾಂಕು. ದೀಪದತ್ತ ಚಾಚಿದ ಕೈಯನ್ನು ಶಶಿಕಲಾ ಹಿಂದಕ್ಕೆಳೆದುಕೊಂಡಳು.

ಮದುವೆಯಲ್ಲಿ ಬಡಿಸಿದಳು, ಆರತಿ ತಟ್ಟೆ ಹಿಡಿದಳು. ಕೀರ್ತನಾಳನ್ನು ಗಂಡನ ಮನೆಗೆ ಕಳಿಸಿದ ಮರುದಿನ ಬೆಳಿಗ್ಗೆ, ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದಳು. ಸಿದ್ದೇಶ ಇನ್ನೂ ಮುಸುಕೆಳೆದು ಮಲಗಿದ್ದ.

"ಹೋಗೋಳು ಕುಕ್ಕರ್ ಇಟ್ಟು ಹೋಗೇ!" ಒಳಗಿನಿಂದ ಮುನಿತಾಯಮ್ಮ ಕೂಗಿದರು.

ಶಶಿಕಲಾ ಅಭ್ಯಾಸಬಲದಿಂದ ಒಂದು ಗಳಿಗೆ ನಿಂತಳು. ಆಮೇಲೆ ವಿಜಯನಗರ ಮೆಟ್ರೋ ಕಡೆ ನಡೆದಳು.